ಗ್ರಂಥಾಲಯದಲ್ಲಿ ಕಾರ್ಯಕ್ರಮ ನಡೆಸಿದರೆ ಓದುಗರು ಹೆಚ್ಚುತ್ತಾರೆಯೇ, ಕುರ್ಚಿಗಳು ಕಡಿಮೆಯಾಗುತ್ತವೆಯೇ?

ಸ್ಟೇಷನ್ ರಸ್ತೆಯ ಓದುಗ, ವಿಜಯಪುರ (ಚರ್ಚೆ ಆರಂಭಿಸಿದವರು)

ನವೆಂಬರ್ 14ರಿಂದ 20ರವರೆಗಿನ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹವನ್ನೂ ಆಗಸ್ಟ್ 12ರ ಗ್ರಂಥಪಾಲಕರ ದಿನವನ್ನೂ ಬಿಟ್ಟರೆ, ನಮ್ಮ ಭಾಗದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಓದುಗರು ಒಂದೆಡೆ ಕೂಡುವ ಪ್ರಸಂಗಗಳು ತೀರ ವಿರಳ. ಆ ದಿನಗಳಲ್ಲಿಯೂ ನಡೆಯುವುದೇನೆಂದು ಎಲ್ಲರಿಗೂ ಗೊತ್ತಿದೆ. ಓದುವ ಕೋಣೆಯ ಮೇಜುಗಳನ್ನು ಗೋಡೆಗೆ ಸರಿಸಿ, ಬ್ಯಾನರ್ ಕಟ್ಟಿ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಸನ್ಮಾನ, ಅತಿಥಿಗಳ ಭಾಷಣ, ಅಧ್ಯಕ್ಷರ ಭಾಷಣ, ವಂದನಾರ್ಪಣೆ ಎಂದು ಎರಡು ಮೂರು ತಾಸು ಕಳೆಯುತ್ತದೆ. ಪುಸ್ತಕದ ಕಪಾಟುಗಳಿಗೆ ಮಾತ್ರ ಅಂದು ಬೀಗ ಬಿದ್ದಿರುತ್ತದೆ, ಏಕೆಂದರೆ ಎರವಲು ಮೇಜಿನಲ್ಲಿ ಕೂಡಬೇಕಾದವರು ವೇದಿಕೆಯ ಮೇಲಿನವರಿಗೆ ಹಾರ ಒದಗಿಸುವುದರಲ್ಲಿ ಇರುತ್ತಾರೆ.

ನನ್ನ ಸಲಹೆ ಸರಳವಾದುದು. ತಿಂಗಳಿಗೊಂದು ಸಂಜೆ, ಒಂದೇ ಒಂದು ಪುಸ್ತಕ ಅಥವಾ ಒಬ್ಬ ಲೇಖಕರನ್ನು ಹಿಡಿದು, ವೇದಿಕೆಯಿಲ್ಲದೆ, ಮೈಕ್ ಇಲ್ಲದೆ, ಇಪ್ಪತ್ತು ಇಪ್ಪತ್ತೈದು ಜನ ಸುತ್ತ ಕುಳಿತು ಓದುವುದು. ಮೊದಲನೆಯದನ್ನು ಜುಲೈ 2ಕ್ಕೆ, ಅಂದರೆ ವಚನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರ ಜನ್ಮದಿನಕ್ಕೆ ಇಟ್ಟುಕೊಳ್ಳೋಣ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ವಕೀಲಿ ವೃತ್ತಿಗೆಂದು ಈ ಊರಿಗೆ ಬಂದು, 1925ರಲ್ಲಿ ಇಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ತೆರೆದು, ಮರು ವರ್ಷದಿಂದ 'ಶಿವಾನುಭವ' ಪತ್ರಿಕೆಯನ್ನು ಹೊರಡಿಸಿದರು. ತಾಳೆಗರಿಯಲ್ಲಿದ್ದ ವಚನಗಳು ಅಚ್ಚಾದ ಊರಿನಲ್ಲಿ ಜುಲೈ 2ರಂದು ಭಾವಚಿತ್ರಕ್ಕೆ ಪೂಜೆಯಾಗುತ್ತದೆ, ವಚನಗಳನ್ನು ಕೈಯಲ್ಲಿ ಹಿಡಿದು ಓದುವವರು ಕಾಣುವುದಿಲ್ಲ. ಈ ಬಗ್ಗೆ ಎಲ್ಲರೂ ಬಿಚ್ಚುಮನಸ್ಸಿನಿಂದ ಬರೆಯಬೇಕೆಂದು ಕೋರುತ್ತೇನೆ. ನಿಮ್ಮ ಅಭಿಪ್ರಾಯಗಳನ್ನು ಕ್ರೋಡೀಕರಿಸಿ ನಮ್ಮ ಶಾಖಾ ಗ್ರಂಥಾಲಯಕ್ಕೆ ಒಂದು ಮನವಿ ಕೊಡುವ ವಿಚಾರವಿದೆ.

ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ವಿಜಯಪುರ

ಮೊದಲಿಗೇ ನನ್ನ ವಿರೋಧವನ್ನು ದಾಖಲಿಸುತ್ತೇನೆ. ದಯವಿಟ್ಟು ಅನ್ಯಥಾ ಭಾವಿಸಬೇಡಿ. ಸಿಂದಗಿ, ದೇವರಹಿಪ್ಪರಗಿ, ಮುದ್ದೇಬಿಹಾಳ ಕಡೆಯ ಹಳ್ಳಿಗಳಿಂದ ಬಂದು ಇಲ್ಲಿ ಕೋಣೆ ಹಿಡಿದು ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ಓದುತ್ತಿರುವ ನಮ್ಮಂಥವರಿಗೆ ಗ್ರಂಥಾಲಯವೆಂದರೆ ಒಂದು ಕುರ್ಚಿ, ತಲೆಯ ಮೇಲೊಂದು ಫ್ಯಾನು, ಕುಡಿಯುವ ನೀರು ಮತ್ತು ನಿಶ್ಶಬ್ದ. ಒಂದೇ ಕೋಣೆಯಲ್ಲಿ ನಾಲ್ವರು ಇರುವಾಗ, ಅದರ ಮೇಲೆ ಪತ್ರಾಸ್ ತಗಡು ಇರುವಾಗ, ಏಪ್ರಿಲ್ ಮೇ ತಿಂಗಳಿನ ಮಧ್ಯಾಹ್ನ ಅಲ್ಲಿ ಓದಲು ಸಾಧ್ಯವೇ ಇಲ್ಲ. ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ನಿಂತರೆ ಮಾತ್ರ ಕಿಟಕಿಯ ಪಕ್ಕದ ಜಾಗ ಸಿಗುತ್ತದೆ. ಸಪ್ತಾಹದ ಉದ್ಘಾಟನೆಯ ದಿನ ನಮ್ಮನ್ನು ಎಬ್ಬಿಸಿ ಹೊರಗೆ ಕಳಿಸಿದರು, ಕೊನೆಗೆ ಸಭಿಕರು ಕಡಿಮೆಯಾದಾಗ ಅದೇ ನಮ್ಮನ್ನು ಕರೆದು ಖಾಲಿ ಕುರ್ಚಿಗಳಲ್ಲಿ ಕೂಡಿಸಿದರು. ಭಾಷಣದ ವಿಷಯ ಓದಿನ ಮಹತ್ವ ಎಂಬುದಾಗಿತ್ತು!

ಕಾರ್ಯಕ್ರಮ ಬೇಕೆನ್ನುವವರಿಗೆ ಊರಿನಲ್ಲಿ ಕಲ್ಯಾಣ ಮಂಟಪಗಳಿವೆ, ಮಠಗಳ ಸಭಾಭವನಗಳಿವೆ. ನಮಗೆ ಇರುವುದು ಇದೊಂದೇ.

ನಿವೃತ್ತ ಗ್ರಂಥಪಾಲಕ, ಬಾಗಲಕೋಟೆ

ಇಬ್ಬರ ಮಾತಿನಲ್ಲೂ ಹುರುಳಿದೆ. ನಾನು ಮೇಜಿನ ಆಚೆ ಬದಿಯಲ್ಲಿ ಕುಳಿತು ಕೆಲಸ ಮಾಡಿದವನಾದ್ದರಿಂದ ಒಳಗಿನ ಕೆಲವು ಸಂಗತಿಗಳನ್ನು ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇನೆ.

ನಮ್ಮ ಸಾರ್ವಜನಿಕ ಗ್ರಂಥಾಲಯಗಳು 1965ರ ಕಾಯ್ದೆಯ ಅಡಿಯಲ್ಲಿ ನಡೆಯುತ್ತವೆ. ನಗರಕ್ಕೊಂದು, ಜಿಲ್ಲೆಗೊಂದು ಗ್ರಂಥಾಲಯ ಪ್ರಾಧಿಕಾರ ಇರುತ್ತದೆ. ನೀವು ಪಾಲಿಕೆಗೋ ಪುರಸಭೆಗೋ ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ರಸೀದಿಯನ್ನು ತೆಗೆದು ನೋಡಿದರೆ ಬೇರೆಯೇ ಸಾಲಿನಲ್ಲಿ ಕಾಣುತ್ತದೆ. ಹೀಗೆ ವಸೂಲಾದ ಹಣವು ಸ್ಥಳೀಯ ಸಂಸ್ಥೆಯಿಂದ ಗ್ರಂಥಾಲಯದ ಖಾತೆಗೆ ಬರಲು ತಡವಾಗುತ್ತದೆ ಎಂಬ ದೂರು ರಾಜ್ಯದ ಎಲ್ಲ ಕಡೆಯೂ ಹಳೆಯದು. ಅಷ್ಟಾದರೂ ಹೇಳಬೇಕಾದುದೆಂದರೆ, ಗ್ರಂಥಾಲಯವು ಯಾರದೋ ಔದಾರ್ಯದಿಂದ ನಡೆಯುತ್ತಿಲ್ಲ, ಊರಿನ ಪ್ರತಿ ಮನೆಯ ಹಣ ಅದರಲ್ಲಿದೆ. ಆದ್ದರಿಂದ ಅಭ್ಯರ್ಥಿಗೂ ಹಕ್ಕಿದೆ, ಕಾದಂಬರಿ ಓದುವ ಅಜ್ಜನಿಗೂ ಹಕ್ಕಿದೆ, ಇದುವರೆಗೆ ಒಳಗೆ ಕಾಲಿಡದ ಹೆಣ್ಣುಮಗಳಿಗೂ ಹಕ್ಕಿದೆ.

ಇನ್ನು ಕಾರ್ಯಕ್ರಮದ ವಿಷಯ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕಗಳಿರುವುದು ಬಳಕೆಗೆ ಎಂಬುದು, ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು. ನಾವು ಎರಡನೆಯದನ್ನು, ಅಂದರೆ ಓದುಗನಿಗೆ ಅವನ ಪುಸ್ತಕ ಕೊಡುವುದನ್ನು, ಹೇಗೋ ಮಾಡುತ್ತೇವೆ. ಯಾರಾದರೂ ಬಂದು ಕೇಳಿದರೆ ಹುಡುಕಿ ಕೊಡುತ್ತೇವೆ. ಮೂರನೆಯದನ್ನು ಮಾತ್ರ ಮರೆತಿದ್ದೇವೆ. ಸಗಟು ಖರೀದಿಯಲ್ಲಿ ಬಂದ ಎಷ್ಟೋ ಪುಸ್ತಕಗಳ ಹಿಂಬದಿಯ ದಿನಾಂಕದ ಚೀಟಿಯ ಮೇಲೆ ಒಂದೂ ಮುದ್ರೆ ಬಿದ್ದಿರುವುದಿಲ್ಲ. ದಾಸ್ತಾನು ವಹಿಯಲ್ಲಿ ಸಂಖ್ಯೆ ಹತ್ತಿ, ಬೆನ್ನಿಗೆ ಚೀಟಿ ಅಂಟಿ, ಕಪಾಟು ಸೇರಿ, ಕೊನೆಗೆ ರದ್ದತಿ ಪಟ್ಟಿಗೆ ಹೋಗುತ್ತವೆ. ಇಂಥ ಪುಸ್ತಕಕ್ಕೆ ಓದುಗನನ್ನು ಹುಡುಕಿಕೊಡುವ ಉಪಾಯವೇ ಗ್ರಂಥಾಲಯದ ಕಾರ್ಯಕ್ರಮ. ಬೇರೆ ಯಾವ ಉದ್ದೇಶಕ್ಕೆ ಮಾಡಿದರೂ ಅದು ಬೇರೆ ಯಾರೋ ಮಾಡಬಹುದಾದ ಕಾರ್ಯಕ್ರಮವೇ.

ನಾನು ಸೇವೆಯಲ್ಲಿದ್ದಾಗ ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಉಪನ್ಯಾಸಕ್ಕೋ ಕಥೆ ಓದುವುದಕ್ಕೋ ಜನ ಸೇರುವ ದಿನ, ಆ ವಿಷಯಕ್ಕೆ ಸಂಬಂಧಿಸಿದ ಪುಸ್ತಕಗಳನ್ನು ಹುಡುಕಿ ತೆಗೆದು, ಧೂಳು ಒರೆಸಿ, ಬಾಗಿಲ ಹತ್ತಿರದ ಉದ್ದನೆಯ ಮೇಜಿನ ಮೇಲೆ ಮುಖಪುಟ ಕಾಣುವಂತೆ ಹರಡುತ್ತಿದ್ದೆ. ಪಕ್ಕದಲ್ಲಿಯೇ ಎರವಲು ವಹಿ ತೆರೆದಿರುತ್ತಿತ್ತು, ಸದಸ್ಯತ್ವದ ಅರ್ಜಿಗಳು ಅಲ್ಲಿಯೇ ಇರುತ್ತಿದ್ದವು. ಜನ ಎದ್ದು ಹೊರಡುವಾಗ ಆ ಮೇಜನ್ನು ದಾಟಿಯೇ ಹೋಗಬೇಕು. ಚಪ್ಪಲಿ ಹುಡುಕುತ್ತ ನಿಂತವರು ಒಂದು ಪುಸ್ತಕ ಎತ್ತಿ ಹಾಳೆ ತಿರುವುತ್ತಾರೆ, ನಂತರ "ಇದನ್ನ ಮನೀಗೆ ಒಯ್ಯಾಕ ಬರ್ತದೇನ್ರೀ?" ಎಂದು ಕೇಳುತ್ತಾರೆ. ಆ ಪ್ರಶ್ನೆ ಬಂದ ದಿನ ಕಾರ್ಯಕ್ರಮ ಆದಂತೆ. ಬರಲಿಲ್ಲವೆಂದರೆ ಪತ್ರಿಕೆಯಲ್ಲಿ ಎಷ್ಟು ದೊಡ್ಡ ಫೋಟೋ ಬಂದರೂ ಆಗದಂತೆ.

ಅಭ್ಯರ್ಥಿಯವರ ಆಕ್ಷೇಪಕ್ಕೆ ನನ್ನ ಉತ್ತರವಿಷ್ಟೇ: ಓದುವ ಕೋಣೆಯನ್ನು ಮುಟ್ಟಬಾರದು. ಪತ್ರಿಕೆ ಓದುವ ಪಡಸಾಲೆ ಬೆಳಗ್ಗೆ ತುಂಬಿರುತ್ತದೆ, ಸಂಜೆ ಐದರ ನಂತರ ಬಹುಪಾಲು ಖಾಲಿ. ಮಕ್ಕಳ ವಿಭಾಗ ಶಾಲೆಯ ವೇಳೆಯಲ್ಲಿ ಖಾಲಿ. ಅನೇಕ ಕಟ್ಟಡಗಳಿಗೆ ಮಾಳಿಗೆ ಇದೆ, ಮಳೆಗಾಲ ಬಿಟ್ಟರೆ ಸಂಜೆ ಅಲ್ಲಿ ಗಾಳಿಯೂ ಇರುತ್ತದೆ. ಇನ್ನು ವಾರದ ರಜೆಯ ದಿನ ಮಾಡೋಣ ಎಂಬ ಸಲಹೆ ಯಾರಿಂದಲಾದರೂ ಬರುವ ಮೊದಲೇ ಹೇಳಿಬಿಡುತ್ತೇನೆ, ಅದು ಬೇಡ. ಒಬ್ಬರೋ ಇಬ್ಬರೋ ಇರುವ ಸಿಬ್ಬಂದಿಗೆ ಆ ಒಂದು ದಿನವಾದರೂ ಉಳಿಯಲಿ.

ಇಂಡಿ ತಾಲ್ಲೂಕಿನ ಶಿಕ್ಷಕಿ

ನಗರದ ಕುರ್ಚಿಯ ಕಷ್ಟ ನಮ್ಮ ಕಡೆ ಇಲ್ಲ, ನಮ್ಮಲ್ಲಿ ಕುರ್ಚಿಗಳಿವೆ, ಕೂಡುವವರಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅವುಗಳಿಗೆ ಅರಿವು ಕೇಂದ್ರ ಎಂದು ಹೆಸರು. ಕೊರೋನಾ ಕಾಲದಲ್ಲಿ, 2020ರ ಮಕ್ಕಳ ದಿನಾಚರಣೆಯಂದು, 'ಓದುವ ಬೆಳಕು' ಆರಂಭವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಶಾಲೆ ಮುಚ್ಚಿದ್ದ ಆ ದಿನಗಳಲ್ಲಿ ನಮ್ಮ ಮಕ್ಕಳು ಕಾರ್ಡು ಹಿಡಿದುಕೊಂಡು ಪಂಚಾಯಿತಿ ಕಟ್ಟೆಗೆ ಹೋಗುತ್ತಿದ್ದುದು ನಿಜ. ಶಾಲೆ ತೆರೆದ ಮೇಲೆ ಆ ಉತ್ಸಾಹ ಇಳಿಯಿತು. ಅದನ್ನು ಮತ್ತೆ ಏರಿಸಲು ನಾವು ಮಾಡಿದ್ದನ್ನು ಇಲ್ಲಿ ಬರೆಯುತ್ತೇನೆ, ಉಪಯೋಗವಾದರೆ ಆಗಲಿ.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮಕ್ಕಳನ್ನು ಅರಿವು ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇವೆ. ಒಬ್ಬ ದೊಡ್ಡ ಹುಡುಗಿ ಚಿಕ್ಕ ಮಕ್ಕಳಿಗೆ ಕಥೆಯನ್ನು ಗಟ್ಟಿಯಾಗಿ ಓದುತ್ತಾಳೆ, ಆದರೆ ಪೂರ್ತಿ ಓದುವುದಿಲ್ಲ. ಹುಲಿ ಬಾವಿಯೊಳಗೆ ಇಣುಕಿ ನೋಡುವ ಹೊತ್ತಿಗೆ ಪುಸ್ತಕ ಮುಚ್ಚುತ್ತಾಳೆ. ಮುಂದೆ ಏನಾಯಿತು ಎಂದು ತಿಳಿಯಬೇಕಾದವರು ಪುಸ್ತಕ ಒಯ್ಯಬೇಕು. ಅದೇ ಪುಸ್ತಕದ ಪ್ರತಿಗಳು ಹೆಚ್ಚಿಲ್ಲದ ಕಾರಣ ಸರದಿ ಹಚ್ಚಬೇಕಾಗುತ್ತದೆ, ಸರದಿ ಹತ್ತಿದ ಪುಸ್ತಕಕ್ಕೆ ಬೆಲೆಯೂ ಹೆಚ್ಚು. ಓದಲು ತಡವರಿಸುವ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ ಓದಿಸಬಾರದು ಎಂಬುದೊಂದೇ ನಮ್ಮ ಕಟ್ಟುನಿಟ್ಟಿನ ನಿಯಮ. ಪರೀಕ್ಷೆ ಶಾಲೆಯಲ್ಲಿ ಇದ್ದೇ ಇದೆ.

ದೀಪಾವಳಿಯ ನಂತರ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಗುಳೆ ಹೋಗುವ ಕುಟುಂಬಗಳ ಜೊತೆ ಕೆಲವು ಮಕ್ಕಳೂ ಹೋಗುತ್ತಾರೆ. ಅವರಿಗೆ ಎರವಲು ಅವಧಿಯ ನಿಯಮ ಹೊಂದುವುದಿಲ್ಲ. ನಮ್ಮ ಮೇಲ್ವಿಚಾರಕರು ದಾನವಾಗಿ ಬಂದ, ದಾಸ್ತಾನು ವಹಿಗೆ ಇನ್ನೂ ಹತ್ತಿಸದ ಪುಸ್ತಕಗಳನ್ನು ಒಂದು ಚೀಲದಲ್ಲಿ ಹಾಕಿ ಅಂಥ ಮಕ್ಕಳ ಕೈಗೆ ಕೊಟ್ಟು ಕಳಿಸುತ್ತಾರೆ. ಬಂದರೆ ಬಂತು, ಬರದಿದ್ದರೆ ಕಳೆದುಕೊಂಡದ್ದೇನೂ ಇಲ್ಲ. ಇದು ಕಾರ್ಯಕ್ರಮ ಅಲ್ಲವೆಂದು ಯಾರಾದರೂ ಹೇಳಬಹುದು. ನನ್ನ ಲೆಕ್ಕದಲ್ಲಿ ಹೌದು.

ಹಿರಿಯರ ಬಗ್ಗೆಯೂ ಒಂದು ಮಾತು. ನಮ್ಮ ಕಡೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ ಮುಂತಾದವರು ಗೆಳೆಯರ ಗುಂಪು ಕಟ್ಟಿಕೊಂಡು ಬೀಸುವಾಗ ಕುಟ್ಟುವಾಗ ಹೆಣ್ಣುಮಕ್ಕಳು ಹೇಳುವ ತ್ರಿಪದಿಗಳನ್ನು ಕೂಡಿಸಿ, 1930ರ ದಶಕದಲ್ಲಿ ಪುಸ್ತಕಗಳಾಗಿ ತಂದರು. ನಾವು ಆ ಸಂಕಲನಗಳಿಂದ ಕೆಲವು ಪದಗಳನ್ನು ಮಹಿಳಾ ಸ್ವಸಹಾಯ ಸಂಘದ ಸಭೆಯಲ್ಲಿ ಓದಿದೆವು. ಒಬ್ಬ ಅಜ್ಜಿ ನಡುವೆಯೇ ತಡೆದು, ಅದು ಹಾಗಲ್ಲ, ನಮ್ಮ ಓಣಿಯಲ್ಲಿ ಮೂರನೆಯ ಸಾಲು ಬೇರೆ ಎಂದು ಹಾಡಿ ತೋರಿಸಿದರು. ಆ ದಿನದಿಂದ ಅಕ್ಷರ ಬಾರದ ಅಜ್ಜಿಯರೇ ನಮ್ಮ ಅರಿವು ಕೇಂದ್ರದ ಸಂಪನ್ಮೂಲ ವ್ಯಕ್ತಿಗಳು. ಅವರು ಹೇಳಿದ್ದನ್ನು ಪ್ರೌಢಶಾಲೆಯ ಹುಡುಗಿಯರು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದಾರೆ, ಆ ನೋಟುಬುಕ್ಕಿಗೂ ಕಪಾಟಿನಲ್ಲಿ ಜಾಗ ಕೊಟ್ಟಿದ್ದೇವೆ.

ತಾಳಿಕೋಟೆಯ ಗೃಹಿಣಿ

ಸಂಜೆ ಆರಕ್ಕೆ ಇಟ್ಟ ಯಾವ ಕಾರ್ಯಕ್ರಮಕ್ಕೂ ನಾನು ಬರಲಾರೆ, ನನ್ನ ನೆರೆಹೊರೆಯವರೂ ಬರಲಾರರು. ಅದು ಮಕ್ಕಳು ಮನೆಗೆ ಬರುವ, ಒಲೆ ಹಚ್ಚುವ, ರೊಟ್ಟಿ ಬಡಿಯುವ ಹೊತ್ತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಇಟ್ಟರೆ ಬರುತ್ತೇವೆ. ಜೊತೆಗೆ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಎಂದು ಗಂಡಸರ ನಡುವೆ ಕೇಳಿಕೊಂಡು ತಿರುಗುವ ಪರಿಸ್ಥಿತಿ ಇರಬಾರದು. ಮಹಿಳೆಯರಿಗಾಗಿ ಎಂದ ಕೂಡಲೇ ರಂಗೋಲಿ ಸ್ಪರ್ಧೆ, ಅಡುಗೆ ಸ್ಪರ್ಧೆ ಇಡುವುದನ್ನು ದಯವಿಟ್ಟು ನಿಲ್ಲಿಸಿ. ನಾವು ಪತ್ತೇದಾರಿ ಕಾದಂಬರಿಯನ್ನೂ ಓದುತ್ತೇವೆ, ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲಿನ ಕಾನೂನನ್ನೂ ತಿಳಿದುಕೊಳ್ಳಬೇಕೆಂದಿದ್ದೇವೆ.

ನವನಗರದ ನಿವಾಸಿ, ಬಾಗಲಕೋಟೆ

ಶಿಕ್ಷಕಿಯವರು ಹೇಳಿದ ನೋಟುಬುಕ್ಕಿನ ಸಂಗತಿ ನನ್ನ ಮನಸ್ಸಿನಲ್ಲಿದ್ದ ಒಂದು ವಿಚಾರಕ್ಕೆ ಹತ್ತಿರವಾಗಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ದೊಡ್ಡ ಭಾಗವೂ ಸುತ್ತಲಿನ ಅನೇಕ ಹಳ್ಳಿಗಳೂ ಮುಳುಗಿದವು, ನಾವು ಸೆಕ್ಟರ್ ಸಂಖ್ಯೆಗಳ ಈ ಹೊಸ ಊರಿಗೆ ಬಂದೆವು. ಇಲ್ಲಿ ಹುಟ್ಟಿದ ಮಕ್ಕಳಿಗೆ ಹಳೆಯ ಓಣಿಗಳ ಹೆಸರು ಗೊತ್ತಿಲ್ಲ. ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿಂದಾಗಿ ಇನ್ನೂ ಹಲವು ಊರುಗಳು ಅದೇ ದಾರಿಯಲ್ಲಿವೆ. ಪರಿಹಾರದ ಕಡತಗಳಲ್ಲಿ ಸರ್ವೆ ನಂಬರು, ಮನೆಯ ಅಳತೆ ಎಲ್ಲ ಇರುತ್ತದೆ. ಯಾವ ಕಟ್ಟೆಯ ಮೇಲೆ ಯಾರು ಕೂಡುತ್ತಿದ್ದರು, ಶ್ರೀಕೃಷ್ಣ ಪಾರಿಜಾತದ ಬಯಲಾಟ ಎಲ್ಲಿ ನಡೆಯುತ್ತಿತ್ತು, ಹೊಳೆ ಬಂದಾಗ ಮೊದಲು ಯಾವ ಮೆಟ್ಟಿಲು ಮುಳುಗುತ್ತಿತ್ತು ಎಂಬುದು ಇರುವುದಿಲ್ಲ.

ಗ್ರಂಥಾಲಯ ಇದನ್ನು ಮಾಡಬಹುದು. ತಿಂಗಳಿಗೊಂದು ಸಲ, ಹಳೆಯ ಊರಿನ ಒಂದೇ ಓಣಿಯವರನ್ನು ಕರೆದು, ಮನೆಯಲ್ಲಿರುವ ಮದುವೆಯ ಫೋಟೋ, ಪತ್ರ, ಅಂಗಡಿಯ ಹಳೆಯ ರಸೀದಿ ತರಲು ಹೇಳಬೇಕು. ಅಲ್ಲಿಯೇ ಮೊಬೈಲಿನಲ್ಲಿ ಪ್ರತಿ ತೆಗೆದುಕೊಂಡು ಮೂಲವನ್ನು ಅವರ ಕೈಗೆ ಹಿಂತಿರುಗಿಸಬೇಕು. ಮೂಲವನ್ನು ಇಟ್ಟುಕೊಂಡರೆ ಮುಂದಿನ ತಿಂಗಳು ಯಾರೂ ತರುವುದಿಲ್ಲ. ಫೋಟೋದಲ್ಲಿರುವವರು ಯಾರು, ಯಾವ ವರ್ಷ, ಹಿಂದೆ ಕಾಣುವ ಕಟ್ಟಡ ಯಾವುದು ಎಂಬುದನ್ನು ಆಗಲೇ ಬರೆದುಕೊಳ್ಳಬೇಕು, ಏಕೆಂದರೆ ಹೆಸರಿಲ್ಲದ ಫೋಟೋ ಹತ್ತು ವರ್ಷದ ನಂತರ ಯಾರಿಗೂ ಬೇಡವಾಗುತ್ತದೆ. ಪ್ರಕಟಿಸಲು ಒಪ್ಪಿಗೆ ಇದೆಯೇ ಎಂದು ಕೇಳಿ ಸಹಿ ಪಡೆಯುವುದೂ ಅಗತ್ಯ. ಕೆಲವು ಮನೆಗಳಲ್ಲಿ ಪರಿಹಾರದ ಹಣದ ಪಾಲಿನ ಜಗಳ ಇನ್ನೂ ಮುಗಿದಿಲ್ಲವಾದ್ದರಿಂದ ಈ ಎಚ್ಚರಿಕೆ.

ಟಿಳಕವಾಡಿಯ ಓದುಗ, ಬೆಳಗಾವಿ

ನಮ್ಮ ಊರಿನಲ್ಲಿ ಸಾರ್ವಜನಿಕ ವಾಚನಾಲಯದ ಪರಂಪರೆ 1848ರಷ್ಟು ಹಿಂದಿನದು, ಆಗಿನ ಮುಂಬೈ ಪ್ರಾಂತದ ಅನೇಕ ಊರುಗಳಲ್ಲಿ ಇಂಥ ವಾಚನಾಲಯಗಳು ಹುಟ್ಟಿದವು. ಇಲ್ಲಿ ಕಾರ್ಯಕ್ರಮವೆಂದರೆ ಮೊದಲ ಪ್ರಶ್ನೆ ಭಾಷೆಯದು. ಫಲಕದ ಮೇಲೆ ಯಾವ ಅಕ್ಷರ ಮೇಲಿರಬೇಕು ಎಂಬಲ್ಲಿಗೇ ಎಷ್ಟೋ ಒಳ್ಳೆಯ ಯೋಜನೆಗಳು ನಿಂತುಹೋಗುತ್ತವೆ. ಮಕ್ಕಳ ವಿಭಾಗದಲ್ಲಿ ಮಾತ್ರ ಈ ತೊಡಕು ಇಲ್ಲದಿರುವುದನ್ನು ಗಮನಿಸಿದ್ದೇನೆ. ಕನ್ನಡ ಶಾಲೆಯ ಮಗುವೂ ಮರಾಠಿ ಶಾಲೆಯ ಮಗುವೂ ಉರ್ದು ಶಾಲೆಯ ಮಗುವೂ ಒಂದೇ ಚಿತ್ರಪುಸ್ತಕದ ಮೇಲೆ ಬಗ್ಗಿ ನೋಡುತ್ತವೆ. ಆದ್ದರಿಂದ ಗಡಿಭಾಗದಲ್ಲಿ ಆರಂಭವನ್ನು ಮಕ್ಕಳಿಂದ ಮಾಡುವುದು ಜಾಣತನ. ದೊಡ್ಡವರಿಗೆ ಬೇಕಾದರೆ ಅನುವಾದಕರನ್ನು ಕರೆಯಿರಿ. ಎರಡೂ ಭಾಷೆ ಬಲ್ಲ ಅನುವಾದಕರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಇದ್ದಾರೆ, ಅವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ.

ವಿಜಯಪುರದವರಿಗೆ ಒಂದು ಸೂಚನೆ. ನಿಮ್ಮ ಆಸಾರ್ ಮಹಲ್‌ನಲ್ಲಿ ಉಳಿದಿದ್ದ ಆದಿಲ್‌ಶಾಹಿ ಕಾಲದ ಅರಬ್ಬಿ, ಪಾರಸಿ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು, ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಈ ಪುಸ್ತಕಗಳ ಪಯಣದ ಬಗ್ಗೆ ಒಂದು ಸಣ್ಣ ಪ್ರದರ್ಶನ ಮಾಡಿದರೆ ಗೋಳಗುಮ್ಮಟ ನೋಡಲು ಬಂದ ಪ್ರವಾಸಿಗರೂ ಬಂದಾರು.

ಸ್ಟೇಷನ್ ರಸ್ತೆಯ ಓದುಗ, ವಿಜಯಪುರ

ಆಸಾರ್ ಮಹಲ್‌ನ ವಿಷಯ ಚೆನ್ನಾಗಿದೆ, ಆದರೆ ಅದರಿಂದ ಆರಂಭಿಸಲು ನನಗೆ ಮನಸ್ಸಿಲ್ಲ. ಹೋದ ಪುಸ್ತಕಗಳ ಬಗ್ಗೆ ಮರುಗುವುದು ನಮಗೆ ಸುಲಭ, ಇರುವ ಪುಸ್ತಕಗಳನ್ನು ಓದುವುದು ಕಷ್ಟ. ಇಬ್ರಾಹಿಂ ಆದಿಲ್‌ಶಾಹನ ಕಾಲದ ದಖನಿ ಕವಿತೆಗಳನ್ನು ಓದಿ ಹೇಳಬಲ್ಲವರು ಈ ಊರಿನಲ್ಲಿ ಈಗಲೂ ಇದ್ದಾರೆ. ಅವರನ್ನು ಕರೆಸಿ ಒಂದು ಸಂಜೆ ಕೇಳಿದರೆ ಅದು ಪ್ರದರ್ಶನಕ್ಕಿಂತ ಮೇಲು.

ದೃಷ್ಟಿ ಮಂದವಾಗಿರುವ ಓದುಗ, ಜಮಖಂಡಿ

ಫೋನು ನನಗೆ ಈ ಚರ್ಚೆಯನ್ನು ಓದಿ ಹೇಳುತ್ತಿದೆ, ಉತ್ತರವನ್ನೂ ನಾನು ಮಾತಿನಲ್ಲಿ ಹೇಳಿಯೇ ಬರೆಸುತ್ತಿದ್ದೇನೆ. ಗಟ್ಟಿಯಾಗಿ ಓದುವ ಸಂಜೆಗಳು ಎಂದು ಕೇಳಿದಾಗ ಸಂತೋಷವಾಯಿತು, ಏಕೆಂದರೆ ಎಲ್ಲರೂ ಕಿವಿಯಿಂದ ಓದುವ ಕಾರ್ಯಕ್ರಮದಲ್ಲಿ ನಾನೂ ಸರಿಸಮಾನ. ಇದಕ್ಕೆ ಇನ್ನೊಂದು ಕೆಲಸ ಸೇರಿಸಿ. ಸ್ಪಷ್ಟವಾಗಿ ಓದಬಲ್ಲ ಇಬ್ಬರು ಮೂವರು ಸ್ವಯಂಸೇವಕರು ಸದ್ದಿಲ್ಲದ ಕೋಣೆಯಲ್ಲಿ ಕುಳಿತು ಒಂದು ಪುಸ್ತಕವನ್ನು ಪೂರ್ತಿಯಾಗಿ ಧ್ವನಿಮುದ್ರಿಸಿಕೊಡಲಿ. ಕನ್ನಡವನ್ನು ಓದುವ ಯಂತ್ರಧ್ವನಿಗಳು ಈಗ ಬಂದಿವೆಯಾದರೂ ನಮ್ಮ ಭಾಗದ ಆಡುಮಾತು ಬಂದ ಕೂಡಲೇ ಅವು ಎಡವುತ್ತವೆ, ಹಳೆಯ ಮುದ್ರಣದ ಪುಸ್ತಕಗಳಂತೂ ಸ್ಕ್ಯಾನ್ ಆಗುವುದೇ ಕಷ್ಟ.

ಹಕ್ಕುಸ್ವಾಮ್ಯದ ಭಯ ಬೇಡ. 2012ರ ತಿದ್ದುಪಡಿಯ ನಂತರ ನಮ್ಮ ಕಾಯ್ದೆಯು ಅಂಗವಿಕಲ ಓದುಗರಿಗಾಗಿ ಲಾಭದ ಉದ್ದೇಶವಿಲ್ಲದೆ ಬಳಸಬಲ್ಲ ರೂಪದಲ್ಲಿ ಪ್ರತಿ ಮಾಡಿಕೊಡಲು ಅವಕಾಶ ಕೊಟ್ಟಿದೆ, ಇದೇ ವಿಷಯದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದೂ ಭಾರತವೇ. ಆದರೆ ಆ ಧ್ವನಿಮುದ್ರಣವನ್ನು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎಲ್ಲರಿಗೂ ಹಂಚಬಾರದು, ಅದು ಬೇರೆಯೇ ವಿಷಯವಾಗುತ್ತದೆ.

ನಿವೃತ್ತ ಗ್ರಂಥಪಾಲಕ, ಬಾಗಲಕೋಟೆ

ಜಮಖಂಡಿಯವರು ಎತ್ತಿದ ಹಕ್ಕುಸ್ವಾಮ್ಯದ ಮಾತನ್ನು ಮುಂದುವರಿಸುತ್ತೇನೆ, ಏಕೆಂದರೆ ಮನವಿ ಕೊಟ್ಟಾಗ ಅಧಿಕಾರಿಗಳು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. 1957ರ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಮಧುರಚೆನ್ನರು 1953ರಲ್ಲಿ, ಹಳಕಟ್ಟಿಯವರು 1964ರಲ್ಲಿ ತೀರಿಕೊಂಡರು. ಈ ಲೆಕ್ಕದಲ್ಲಿ, ಅವರು ಬದುಕಿದ್ದಾಗ ಪ್ರಕಟಿಸಿದ ಸ್ವಂತ ಬರಹಗಳ ಅವಧಿ ಕ್ರಮವಾಗಿ 2013ರ ಮತ್ತು 2024ರ ಕೊನೆಗೆ ಮುಗಿದಿದೆ. ವಚನಗಳ ಮೂಲ ಪಾಠದ ಪ್ರಶ್ನೆಯಂತೂ ಇಲ್ಲವೇ ಇಲ್ಲ. ಇಂದಿನ ಲೇಖಕರ ಪುಸ್ತಕವಾದರೂ ಸಭೆಯಲ್ಲಿ ಮಿತವಾದ ಭಾಗವನ್ನು ಓದಲು ಅಡ್ಡಿಯಿಲ್ಲ. ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ನಾಟಕ ಆಡಿದರೂ ವಿನಾಯಿತಿ ಇದೆ. ಸಿನಿಮಾ ತೋರಿಸುವುದಕ್ಕೆ ಮಾತ್ರ ಹಕ್ಕುದಾರರ ಅನುಮತಿ ಬೇಕು, ಯೂಟ್ಯೂಬಿನಲ್ಲಿ ಸಿಗುತ್ತದೆ ಎಂಬುದು ಅನುಮತಿಯಲ್ಲ.

ಹಣದ ಬಗ್ಗೆ ಯಾರೂ ಕೇಳಲಿಲ್ಲ. ನೀವು ಹೇಳುತ್ತಿರುವ ಸಂಜೆಗೆ ಚಹಾದ ಹೊರತು ಖರ್ಚಿಲ್ಲ. ಖರ್ಚಿಲ್ಲದ ಕಾರ್ಯಕ್ರಮಕ್ಕೆ ಬಿಲ್ಲೂ ಇಲ್ಲ, ಬಿಲ್ಲಿಲ್ಲದ್ದಕ್ಕೆ ಮಂಜೂರಾತಿಯ ಕಡತವೂ ಬೇಕಿಲ್ಲ, ಬಾಯಿಮಾತಿನ ಒಪ್ಪಿಗೆಯ ಜೊತೆಗೆ ಒಂದು ಸಾಲಿನ ಲಿಖಿತ ಅನುಮತಿ ಸಾಕು. ಹಾರ, ಶಾಲು, ಫಲತಾಂಬೂಲ ಬಂದ ಕ್ಷಣ ಕೊಟೇಶನ್, ವೋಚರ್, ಆಡಿಟ್ ಆಕ್ಷೇಪಣೆ ಎಲ್ಲವೂ ಬರುತ್ತವೆ. ಸನ್ಮಾನವನ್ನು ಬಿಡಲು ಇದಕ್ಕಿಂತ ಒಳ್ಳೆಯ ಕಾರಣ ಸಿಗಲಾರದು.

ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ವಿಜಯಪುರ

ಓದುವ ಕೋಣೆಯನ್ನು ಮುಟ್ಟುವುದಿಲ್ಲ, ಮೈಕ್ ಬಳಸುವುದಿಲ್ಲ ಎಂಬ ಎರಡು ಸಾಲುಗಳನ್ನು ಮನವಿಯಲ್ಲಿ ಸ್ಪಷ್ಟವಾಗಿ ಬರೆದರೆ ನನ್ನ ಆಕ್ಷೇಪವಿಲ್ಲ. ಮೂರನೆಯದಾಗಿ, ಪರೀಕ್ಷೆಯ ಹಿಂದಿನ ವಾರ ಯಾವ ಕಾರ್ಯಕ್ರಮವೂ ಇರಬಾರದು. ವೇಳಾಪಟ್ಟಿ ಬಂದ ಕೂಡಲೇ ತಿಳಿಸುವ ಹೊಣೆ ನಮ್ಮದು.

ಇದಲ್ಲದೆ ಒಂದು ಬೇಡಿಕೆ. ಪುಸ್ತಕದ ಸಂಜೆಗಳು ನಮಗಲ್ಲ ಎಂದು ನೀವೇ ತೀರ್ಮಾನಿಸಬೇಡಿ. ಮೂರನೆಯ ಸಲ, ನಾಲ್ಕನೆಯ ಸಲ ಪರೀಕ್ಷೆ ಬರೆಯುತ್ತಿರುವ ಹುಡುಗರು ಇಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಯಾರೊಡನೆಯೂ ಮಾತಾಡದೆ ಕುಳಿತಿರುತ್ತಾರೆ. ಊರಿಗೆ ಹೋದರೆ ಏನಾಯಿತು ಎಂದು ಕೇಳುತ್ತಾರೆಂದು ಹಬ್ಬಕ್ಕೂ ಹೋಗುವುದಿಲ್ಲ. ಈಗಾಗಲೇ ನೌಕರಿಗೆ ಸೇರಿದವರನ್ನಲ್ಲ, ಸೇರದೆ ಬೇರೆ ದಾರಿ ಹಿಡಿದು ಚೆನ್ನಾಗಿರುವವರನ್ನು ಒಮ್ಮೆ ಕರೆಸಿ ಮಾತಾಡಿಸಿ. ಸಾಧಕರ ಭಾಷಣಗಳನ್ನು ಕೇಳಿ ಕೇಳಿ ಸಾಕಾಗಿದೆ.

ತಾಳಿಕೋಟೆಯ ಗೃಹಿಣಿ

ಅಭ್ಯರ್ಥಿಯವರ ಕೊನೆಯ ಸಲಹೆಯನ್ನು ಮೊದಲ ವರ್ಷದಲ್ಲಿಯೇ ಸೇರಿಸಿರಿ. ನನ್ನ ತಮ್ಮನನ್ನೂ ಕರೆದುಕೊಂಡು ಬರುತ್ತೇನೆ.

ಸ್ಟೇಷನ್ ರಸ್ತೆಯ ಓದುಗ, ವಿಜಯಪುರ

ಇದುವರೆಗಿನ ಮಾತುಗಳಿಂದ ಮನವಿಯ ಕರಡನ್ನು ಹೀಗೆ ಬರೆದಿದ್ದೇನೆ: "ಪ್ರತಿ ತಿಂಗಳ ಎರಡನೆಯ ಶನಿವಾರ, ಒಂದು ತಿಂಗಳು ಮಧ್ಯಾಹ್ನ ಎರಡರಿಂದ ನಾಲ್ಕು, ಮರು ತಿಂಗಳು ಸಂಜೆ ಐದರಿಂದ ಏಳರವರೆಗೆ, ಪತ್ರಿಕಾ ಪಡಸಾಲೆಯಲ್ಲಿ ಓದುಗರ ಕೂಟ ನಡೆಸಲು ಅನುಮತಿ ನೀಡಬೇಕು. ಓದುವ ಕೋಣೆಯನ್ನು ಬಳಸುವುದಿಲ್ಲ. ಧ್ವನಿವರ್ಧಕ, ವೇದಿಕೆ, ಸನ್ಮಾನ ಇರುವುದಿಲ್ಲ. ಕೂಟದ ಸಮಯದಲ್ಲಿ ಎರವಲು ಸೇವೆ ಮತ್ತು ಹೊಸ ಸದಸ್ಯತ್ವ ತೆರೆದಿರಬೇಕು. ಕೂಟದ ನಂತರ ಎಷ್ಟು ಪುಸ್ತಕಗಳು ಎರವಲು ಹೋದವು ಎಂಬುದನ್ನು ಗ್ರಂಥಾಲಯದ ಫಲಕದಲ್ಲಿ ಬರೆಯಬೇಕು. ಆರು ತಿಂಗಳಲ್ಲಿ ಎರವಲು ಹೆಚ್ಚದಿದ್ದರೆ ಕೂಟವನ್ನು ನಾವೇ ನಿಲ್ಲಿಸುತ್ತೇವೆ." ಜುಲೈ 2ರ ವಚನ ಓದನ್ನು ಮಾತ್ರ ವಿಶೇಷ ಕೂಟವೆಂದು ಪ್ರತ್ಯೇಕವಾಗಿ ಕೇಳಿದ್ದೇನೆ.

ನಿವೃತ್ತ ಗ್ರಂಥಪಾಲಕ, ಬಾಗಲಕೋಟೆ

ಎರಡನೆಯ ಶನಿವಾರವನ್ನು ಮೂರನೆಯದಕ್ಕೆ ಬದಲಿಸಿ. ಎರಡನೆಯ ಶನಿವಾರ ಸರ್ಕಾರಿ ಕಚೇರಿಗಳಿಗೆ ರಜೆ ಇರುವುದರಿಂದ ಅಂದು ಪತ್ರಿಕಾ ಪಡಸಾಲೆ ಖಾಲಿ ಇರುವುದಿಲ್ಲ, ನೌಕರರೆಲ್ಲ ಅಲ್ಲಿಯೇ ಇರುತ್ತಾರೆ. "ನಾವೇ ನಿಲ್ಲಿಸುತ್ತೇವೆ" ಎಂಬ ಸಾಲನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಮನವಿಯ ಒಂದು ಪ್ರತಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದನ್ನೂ ಮರೆಯಬೇಡಿ.

ಇಂಡಿ ತಾಲ್ಲೂಕಿನ ಶಿಕ್ಷಕಿ

ಜುಲೈ 2ಕ್ಕೆ ನಮ್ಮ ಪ್ರೌಢಶಾಲೆಯ ಹುಡುಗಿಯರು ವಚನ ಓದಲು ಬರುತ್ತಾರೆ. ಬಸ್ಸಿನ ಖರ್ಚು ಶಕ್ತಿ ಯೋಜನೆಯಿಂದಾಗಿ ಇಲ್ಲ, ಆದರೆ ಸಂಜೆ ಏಳರ ನಂತರ ಇಂಡಿಗೆ ಮರಳಿ ಹಳ್ಳಿಯ ಬಸ್ಸು ಹಿಡಿಯುವುದು ಕಷ್ಟ. ಆ ಕೂಟವನ್ನು ಮಧ್ಯಾಹ್ನದ ಸರದಿಗೆ ಹಾಕಿರಿ.

ಸ್ಟೇಷನ್ ರಸ್ತೆಯ ಓದುಗ, ವಿಜಯಪುರ

ಮಧ್ಯಾಹ್ನ ಎರಡಕ್ಕೇ ಹಾಕಿದ್ದೇನೆ, ಶನಿವಾರವನ್ನೂ ಬದಲಿಸಿದ್ದೇನೆ. ಸಹಿ ಮಾಡುವವರು ಗ್ರಂಥಾಲಯದ ಸದಸ್ಯತ್ವ ಸಂಖ್ಯೆಯನ್ನು ಹೆಸರಿನ ಮುಂದೆ ಬರೆಯಬೇಕು. ಇನ್ನೂ ಸದಸ್ಯರಾಗದವರು ಮೊದಲು ಅರ್ಜಿ ತುಂಬಿ ಠೇವಣಿ ಕಟ್ಟಿ ಬನ್ನಿ, ಆನಂತರ ಸಹಿ ಮಾಡಿ.